ಎರಡನೆಯ ಗಾಜು

ಫೋನು ಇಟ್ಟ ಮೇಲೂ ಅಕ್ಕನ ಮಾತು ಕಿವಿಯಿಂದ ಇಳಿಯಲಿಲ್ಲ. "ಮಧ್ಯಾಹ್ನ ಊಟಕ್ಕೆ ಬಾ. ನಿಮ್ಮ ಭಾವ ಆ ದೊಡ್ಡ ಕ್ಯಾಮೆರಾನ ನಿಂಗೇ ಕೊಡ್ಬೇಕು ಅಂತ ಬೆಳಗ್ಗೆಯಿಂದ ಒರೆಸ್ತಾ ಕೂತಿದಾರೆ. ಕೆಲಸ ಇದೆ, ಬರಲ್ಲ ಅಂತೆಲ್ಲ ಶುರು ಮಾಡ್ಬೇಡ." ಅವನು ಬರಲ್ಲ ಅನ್ನಲಿಲ್ಲ, ಬರ್ತೀನಿ ಅಂದದ್ದೂ ನೆನಪಿಲ್ಲ. ಎದುರಿಗೆ ಮೇಜಿನ ಮೇಲೆ ಯಾರದೋ ಲೆನ್ಸು ಪೂರ್ತಿ ಬಿಚ್ಚಿಕೊಂಡು ಬಿದ್ದಿತ್ತು. ಉಂಗುರಗಳು, ಉಸಿರು ಬಿಟ್ಟರೆ ಹಾರಿಹೋಗುವಷ್ಟು ಸಣ್ಣ ತಿರುಪುಗಳು, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಐದು ಗಾಜು. ಪ್ರತಿ ಗಾಜಿನ ಅಂಚಿಗೂ ಪೆನ್ಸಿಲಿನಲ್ಲಿ ಪುಟ್ಟ ಬಾಣದ ಗುರುತು. ಬಾಣದ ಮೂತಿ ಇರುವ ಕಡೆ ಹೊರಗಡೆ, ಬೆಳಕು ಬರುವ ಕಡೆ. ಜೋಡಿಸುವಾಗ ಗಾಜು ಹಿಂದುಮುಂದಾಗದಿರಲಿ ಎಂದು ಈ ಕೆಲಸದವರೆಲ್ಲ ಮಾಡುವ ಗುರುತು ಅದು. ಎರಡು ವರ್ಷದಿಂದ ಅವನು ಒಂದರ ಬದಲು ಎರಡು ಬಾಣ ಹಾಕುತ್ತಾನೆ, ಅಂಚಿನ ಎದುರು ಬದುರಿಗೆ. ನೋಡಿದವರು ಎಂಥ ಎಚ್ಚರಿಕೆಯ ಕೈ ಎಂದು ಹೊಗಳುತ್ತಾರೆ. ಆ ಹೊಗಳಿಕೆಯನ್ನೂ ಅವನು ಬೇಡವೆನ್ನದೆ ಜೇಬಿಗೆ ಹಾಕಿಕೊಂಡಿದ್ದಾನೆ, ನಾಚಿಕೆಗೆಟ್ಟವನು.

ಅಂಗಡಿಯ ಬಾಗಿಲು ಎಳೆದು ಬೀಗ ಹಾಕಿದ. ಹಾಕಿದ ಬೀಗವನ್ನು ಜಗ್ಗಿ ನೋಡಿದ, ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ಜಗ್ಗಿದ. ಪಕ್ಕದ ಹಲ್ಲಿನ ಡಾಕ್ಟರ ಮೆಟ್ಟಿಲ ಮೇಲೆ ಕೆನ್ನೆ ಹಿಡಿದುಕೊಂಡು ಕೂತಿದ್ದವನೊಬ್ಬ ತನ್ನ ನೋವು ಮರೆತು ಇವನನ್ನು ನೋಡುತ್ತಿದ್ದ. ಜೇಬಿನಲ್ಲಿ ಕೈಯಿಟ್ಟರೆ ಲೆನ್ಸು ಬಿಚ್ಚುವ ಎರಡು ಮೂತಿಯ ಕೀಲಿ ಇತ್ತು. ಅದನ್ನು ತೆಗೆದಿಟ್ಟುಕೊಂಡದ್ದು ಯಾವಾಗ ಎಂದು ಅವನಿಗೆ ತಿಳಿಯಲಿಲ್ಲ. ಊಟಕ್ಕೆ ಹೋಗುವವನಿಗೆ ಕೀಲಿ ಯಾಕೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹೊರಗೆ ನೋಡಿದ. ಅವನ ಕಣ್ಣು ಈಚೀಚೆಗೆ ಯಾವುದರ ನಡುಮಧ್ಯಕ್ಕೂ ಹೋಗುವುದಿಲ್ಲ. ಜಾಹೀರಾತಿನ ಹಲಗೆ ಕಂಡರೆ ಅದರ ನಾಲ್ಕು ಮೂಲೆ ನೋಡುತ್ತಾನೆ. ಜನ ಸಾಲಾಗಿ ನಿಂತಿದ್ದರೆ ಕೊನೆಯವನ ಮುಖ ನೋಡುತ್ತಾನೆ, ಆ ಮುಖಕ್ಕೆ ಕಣ್ಣು ಮೂಗು ಬಾಯಿ ಎಲ್ಲ ಇದೆಯೆಂದು ಖಾತ್ರಿಯಾದ ಮೇಲೇ ಬಿಡುತ್ತಾನೆ. ಯಾರಿಗಾದರೂ ಹೇಳಿದರೆ ನಗುತ್ತಾರೆ. ಅಕ್ಕನಿಗೆ ಹೇಳಿದರೆ ನಗುವುದಿಲ್ಲ, ಯಾಕೆ ಎಂದು ಕೇಳುತ್ತಾಳೆ. ಅದಕ್ಕೇ ಹೇಳಿಲ್ಲ.

ಆ ದಿನ ತಪ್ಪು ಮಾಡಿದ್ದು ಕೈಯಲ್ಲ, ಬಾಯಿ. ಇಷ್ಟನ್ನು ಅವನು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾನೆ, ಬಾಯಿಯ ಮೇಲೆ ಹಾಕಿದರೆ ಕೈಗೆ ಬಿಡುಗಡೆ ಸಿಕ್ಕೀತೆಂಬಂತೆ. ಭಾವನ ಲೆನ್ಸಿನೊಳಗೆ ಬೂಷ್ಟು ಹಿಡಿದಿತ್ತು. ಶಾಲೆಗಳ ಗುಂಪು ಫೋಟೋ ತೆಗೆಯುವ ಮರದ ಪೆಟ್ಟಿಗೆ ಕ್ಯಾಮೆರಾದ ಲೆನ್ಸು. ನಾಲ್ಕೇ ಗಾಜು, ಹಿತ್ತಾಳೆಯ ಮೈ, ಭಾವನಿಗೆ ಅವರ ತಂದೆಯಿಂದ ಬಂದದ್ದು. "ಬೇರೆಯವರ ಕೈಗೆ ಕೊಡಲ್ಲಪ್ಪ, ನೀನೇ ಮಾಡು" ಎಂದು ಮೆತ್ತನೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಬಿಚ್ಚಿದ, ಬಾಣ ಹಾಕಿದ, ಎಲ್ಲ ಸರಿಯಾಗೇ ನಡೆದಿತ್ತು. ಆಗ ಮದುವೆ ಫೋಟೋದವನೊಬ್ಬ ಬಂದು ಕುರ್ಚಿ ಎಳೆದುಕೊಂಡು ಕೂತ. ಅಲ್ಲಾ ಸ್ವಾಮಿ, ಒಂದು ಗಾಜು ಸಾಲದಾ, ಇಷ್ಟೊಂದು ಯಾಕೆ ತುರುಕ್ತಾರೆ ಎಂದು ಕೇಳಿದ. ಕೇಳಿದ್ದೇ ತಡ, ಇವನಿಗೆ ಹುರುಪು ಬಂತು. ಒಂದೇ ಗಾಜಾದರೆ ನಡುವಿನ ಬೆಳಕನ್ನು ಒಂದು ಕಡೆ ಕೂಡಿಸುತ್ತದೆ, ಅಂಚಿನ ಬೆಳಕನ್ನು ಇನ್ನೊಂದು ಕಡೆ. ಕೆಂಪು ಒಂದು ಕಡೆ, ನೀಲಿ ಇನ್ನೊಂದು ಕಡೆ. ಚಪ್ಪಟೆಯಾದ ಫಿಲ್ಮಿನ ಮೇಲೆ ಬಟ್ಟಲಿನ ಹಾಗೆ ಬಗ್ಗಿದ ಚಿತ್ರ ಬೀಳುತ್ತದೆ. ಆ ತಪ್ಪನ್ನು ತಿದ್ದುವುದಕ್ಕೆ ಎರಡನೆಯ ಗಾಜು. ಅದು ಬೇಕೆಂದೇ ಅದಕ್ಕೆ ವಿರುದ್ಧವಾದ ತಪ್ಪು ಮಾಡುತ್ತದೆ. ಅದರಿಂದ ಉಳಿದದ್ದಕ್ಕೆ ಮೂರನೆಯದು, ನಾಲ್ಕನೆಯದು. ತಪ್ಪೇ ಮಾಡದ ಗಾಜು ಅಂತ ಭೂಮಿ ಮೇಲೆ ಇಲ್ಲ, ತಿಳ್ಕೊಳ್ಳಿ. ಒಂದೊಂದರ ಬಾಗು, ದಪ್ಪ, ನಡುವಿನ ಖಾಲಿ ಜಾಗ ಎಲ್ಲ ಯಾರೋ ಕೂತು ವರ್ಷಗಟ್ಟಲೆ ಲೆಕ್ಕ ಹಾಕಿದ್ದು, ಒಂದು ಕೂದಲೆಳೆ ಆಚೀಚೆ ಆದರೂ ಚಿತ್ರದಲ್ಲಿ ಮನೆ ಮನೆಯಾಗಿ ಉಳಿಯಲ್ಲ. ಹೀಗೆ ಹೇಳುತ್ತ, ಕೇಳುವವನ ಬಾಯಿ ತೆರೆದುಕೊಂಡದ್ದನ್ನು ನೋಡಿ ಸುಖಿಸುತ್ತ, ಆ ಎರಡನೆಯ ಗಾಜನ್ನು ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸುತ್ತಿದ್ದ. ಬೂಷ್ಟಿನ ಜೊತೆಗೆ ಬಾಣವೂ ಹೋಯಿತು.

ಹೋದದ್ದು ತಿಳಿಯಲಿಲ್ಲವೆಂದರೆ ಸುಳ್ಳು. ಕೂಡಿಸುವಾಗ ತಿಳಿಯಿತು. ಎರಡೂ ಕಡೆ ಒಳಕ್ಕೆ ತಗ್ಗಿದ ತೆಳು ಗಾಜು ಅದು, ಎರಡೂ ತಗ್ಗು ಹೆಚ್ಚುಕಡಿಮೆ ಒಂದೇ. ಟ್ಯೂಬ್‌ಲೈಟಿನ ಬಿಂಬ ಯಾವ ಮೈಯಲ್ಲಿ ಎಷ್ಟು ಸಣ್ಣದಾಗಿ ಬೀಳುತ್ತದೆಂದು ನೋಡಿ ಹೇಳಬಹುದು, ಎರಡು ಸಲ ಅಳೆದು ನೋಡಿದರೆ ಖಂಡಿತ ಹೇಳಬಹುದು. ಮದುವೆ ಫೋಟೋದವನು ನೋಡುತ್ತ ಕೂತಿದ್ದ. ಇಷ್ಟೊತ್ತು ಭಾಷಣ ಬಿಗಿದವನು ಈಗ ಗಾಜನ್ನು ತಿರುವಿ ಮುರುವಿ ನೋಡುತ್ತ ಅನುಮಾನಿಸಿದರೆ ಏನಂದುಕೊಂಡಾನು. ಒಂದೇ ಸಲ ನೋಡಿದ, ಕೂಡಿಸಿದ. ಲೆನ್ಸು ಪರೀಕ್ಷಿಸಲು ಗೋಡೆಗೆ ಅಂಟಿಸಿದ್ದ ಗೆರೆಗಳ ಹಾಳೆಗೆ ಹಿಡಿದಾಗ ನಡುವಿನ ಗೆರೆಗಳು ಸ್ಪಷ್ಟವಾಗಿ ನಿಂತವು. ಮೂಲೆ ನೋಡಲಿಲ್ಲ. ಮೂಲೆ ನೋಡುವ ಅಭ್ಯಾಸ ಆಮೇಲೆ ಬಂದದ್ದು.

ಅಕ್ಕನ ಮನೆ ಎರಡನೇ ಮಹಡಿ. ಮೆಟ್ಟಿಲ ಬುಡದಲ್ಲಿ ನಿಂತಾಗ ಮೇಲಿನಿಂದ ಭಾವ ಇಳಿದು ಬರುತ್ತಿದ್ದರು. ಬಲಗೈ ಗೋಡೆಗೆ ಆನಿಸಿ, ಒಂದೊಂದು ಮೆಟ್ಟಿಲಿಗೂ ಮೊದಲು ಬಲಗಾಲು, ಆಮೇಲೆ ಅದರ ಪಕ್ಕಕ್ಕೆ ಎಡಗಾಲು. ಅವರ ಅಂಗೈ ಸವರಿದ ಎತ್ತರದಲ್ಲಿ ಗೋಡೆಯ ಸುಣ್ಣ ಉದ್ದಕ್ಕೂ ಮಾಸಿತ್ತು. ಎರಡು ವರ್ಷದ ಹಿಂದೆ ಇದೇ ಮೆಟ್ಟಿಲನ್ನು ಹೆಗಲ ಮೇಲೆ ಕ್ಯಾಮೆರಾದ ಮುಕ್ಕಾಲಿ ಹೊತ್ತು ಶಿಳ್ಳೆ ಹಾಕುತ್ತ ಇಳಿಯುತ್ತಿದ್ದ ಮನುಷ್ಯ. "ಯಾರು, ನೀನೇನಾ?" ಎಂದರು. ಹತ್ತು ಮೆಟ್ಟಿಲ ದೂರದಲ್ಲಿ ಹಾಡುಹಗಲಿನಲ್ಲಿ ನಿಂತವನನ್ನು ಯಾರು ಎಂದು ಕೇಳಿದರು. ಕಾಣುತ್ತದೆ ಅವರಿಗೆ, ಚೆನ್ನಾಗಿಯೇ ಕಾಣುತ್ತದೆ, ಆದರೆ ಕಂಡದ್ದನ್ನು ನಂಬುವುದನ್ನು ಬಿಟ್ಟಿದ್ದಾರೆ ಎಂದು ಅವನಿಗೆ ಅನ್ನಿಸಿತು. "ನಾನೇ ಭಾವ. ನೀವ್ಯಾಕೆ ಇಳಿಯೋಕೆ ಹೋದ್ರಿ" ಎಂದು ಓಡಿಹೋಗಿ ತೋಳು ಹಿಡಿದ. ಅವರು ಹಿಡಿಸಿಕೊಂಡರು.

ಊಟದ ಹೊತ್ತಿಗೆ ಅಕ್ಕ ಮಾತಾಡಿದಳು, ಭಾವ ತಟ್ಟೆಯ ಅಂಚನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಉಂಡರು. "ಕಣ್ಣಿನ ಡಾಕ್ಟ್ರು ಮೊನ್ನೇನೂ ಅದೇ ಹೇಳಿದ್ರು, ವಯಸ್ಸಿಗೆ ತಕ್ಕ ಹಾಗೆ ಸ್ವಲ್ಪ ಮಂಜು ಕೂಡ್ತಿದೆ, ಈಗೇನೂ ತೊಂದರೆ ಇಲ್ಲ ಅಂತ. ಇವರಿಗೆ ಮಂಜು ಅನ್ನೋದು ಮಾತ್ರ ಕೇಳ್ಸುತ್ತೆ, ತೊಂದರೆ ಇಲ್ಲ ಅನ್ನೋದು ಕೇಳ್ಸಲ್ಲ. ಕಣ್ಣಲ್ಲ, ಕಿವಿ ತೋರಿಸ್ಬೇಕು ನಿಮ್ಮ ಭಾವಂದು." ಭಾವ ನಕ್ಕರು. ಅವನೂ ನಕ್ಕ. ನಗುತ್ತಿರುವಾಗಲೇ, ಅವನು ಕೂಡಿಸಿಕೊಟ್ಟ ಲೆನ್ಸಿನಿಂದ ಭಾವ ತೆಗೆದ ಆ ಶಾಲೆಯ ಫೋಟೋ ನೆನಪಾಯಿತು. ಮೂರು ಸಾಲು ಮಕ್ಕಳು, ನಡುವೆ ಹೆಡ್‌ಮಾಸ್ಟರು ಮೀಸೆಯ ಒಂದೊಂದು ಕೂದಲೂ ಎಣಿಸುವ ಹಾಗೆ ಬಿದ್ದಿದ್ದರು. ಎರಡೂ ತುದಿಗೆ ಹೋಗುತ್ತ ಹೋಗುತ್ತ ಮುಖಗಳು ಒದ್ದೆ ಕೈಯಿಂದ ಒರೆಸಿದ ಹಾಗೆ ಎಳೆದುಕೊಂಡಿದ್ದವು. ಒಬ್ಬಳು ತಾಯಿ ಭಾವನ ಸ್ಟುಡಿಯೋಗೆ ಬಂದು, ಎರಡನೇ ಸಾಲಿನ ಕೊನೆಗೆ ಬೆರಳಿಟ್ಟು, ಇವಳು ನನ್ನ ಮಗಳಾ ಅಥವಾ ಇವಳಾ ಎಂದು ಕೇಳಿದಳಂತೆ. ಭಾವನಿಗೆ ಹೇಳಲಾಗಲಿಲ್ಲ. ಅವಳು ಜಗಳವಾಡಲಿಲ್ಲ, ಫೋಟೋವನ್ನು ಮೇಜಿನ ಮೇಲೆ ಬಿಟ್ಟು ಹೋದಳು. ಶಾಲೆಯವರು ಅಷ್ಟನ್ನೂ ವಾಪಸು ಕಳಿಸಿದರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಎಂದು ಭಾವ ಆವತ್ತು ಅಂಗಡಿಗೆ ಬಂದು ಹೇಳಿದ್ದರು, ಲೆನ್ಸನ್ನು ಅದೇ ಮೆತ್ತನೆ ಬಟ್ಟೆಯಲ್ಲಿ ಸುತ್ತಿಕೊಂಡು. "ಒಂದ್ಸಲ ನೋಡ್ತೀಯಾ? ಇದರಲ್ಲೇನಾದ್ರೂ ದೋಷ ಇದೆಯಾ, ಇಲ್ಲ ನನ್ನ ಕಣ್ಣಿಂದೇನಾ?"

ಬಿಚ್ಚಿದ ಕೂಡಲೇ ತಿಳಿಯಿತು. ಎರಡನೆಯ ಗಾಜು ಹಿಂದುಮುಂದಾಗಿ ಕೂತಿತ್ತು. ಭಾವ ಎದುರಿಗೆ ಕೂತು ಕನ್ನಡಕ ಒರೆಸುತ್ತಿದ್ದರು. ಹೇಳುವುದಕ್ಕೆ ಒಂದು ಕ್ಷಣ ಸಾಕಾಗಿತ್ತು, ಭಾವ, ತಪ್ಪಾಗಿದೆ, ನನ್ನ ಕೈತಪ್ಪು. ಆ ಕ್ಷಣ ಇತ್ತು, ಅವನು ಅದನ್ನು ನೋಡಿದ, ಅದು ದಾಟಿಹೋಯಿತು. ಭಾವ ಬಂದವರಿಗೆಲ್ಲ ಹೇಳುತ್ತಿದ್ದದ್ದು ನೆನಪಾಯಿತು: ನನ್ನ ಹೆಂಡತಿ ತಮ್ಮ, ಅವನ ಕೈಯಲ್ಲಿ ಲೆನ್ಸು ಕೊಟ್ಟರೆ ನಿಶ್ಚಿಂತೆಯಿಂದ ನಿದ್ದೆ ಮಾಡಬಹುದು. ಗಾಜನ್ನು ಬೆರಳ ತುದಿಯಲ್ಲಿ ಎತ್ತಿ, ತಿರುವಿ, ಸರಿಯಾದ ಕಡೆಗೆ ಕೂಡಿಸಿ, ಉಂಗುರ ಬಿಗಿದು, "ಲೆನ್ಸಲ್ಲಿ ಏನೂ ದೋಷ ಇಲ್ಲ ಭಾವ" ಎಂದ. ಆ ಮಾತು ಹೇಳುವ ಹೊತ್ತಿಗೆ ಅದು ನಿಜವೇ ಆಗಿತ್ತು. ಇದನ್ನು ಯೋಚಿಸಿದಾಗಲೆಲ್ಲ ಅವನಿಗೆ ತನ್ನ ಮೇಲೆ ಹೇಸಿಗೆಯಾಗುತ್ತದೆ. ಮತ್ತೆ ಫೋಟೋ ತೆಗೆದರೆ ಚೆನ್ನಾಗೇ ಬರುತ್ತದೆ, ಭಾವನೂ ಮರೆಯುತ್ತಾರೆ, ನಾನೂ ಮರೆಯುತ್ತೇನೆ ಎಂದು ಲೆಕ್ಕ ಹಾಕಿದ್ದ. ಭಾವ ಮತ್ತೆ ಫೋಟೋ ತೆಗೆಯಲೇ ಇಲ್ಲ. ಅವನ ಮಾತನ್ನು ಅಷ್ಟು ನಂಬಿದರು. ಲೆನ್ಸಿನದಲ್ಲ ಅಂದಮೇಲೆ ನನ್ನದೇ ಎಂದು ಎದ್ದು ಹೋಗಿ, ಕಣ್ಣಿನ ಡಾಕ್ಟರ ಬಾಗಿಲು ತಟ್ಟಿದರು. ಶಾಲೆಗಳ ಕೆಲಸವನ್ನು ಬೇರೆಯವರಿಗೆ ತಾವೇ ಫೋನು ಮಾಡಿ ಒಪ್ಪಿಸಿದರು. ಕ್ಯಾಮೆರಾದ ಕರಿ ಬಟ್ಟೆಯ ಕೆಳಗೆ ಮತ್ತೆ ತಲೆಯಿಡಲಿಲ್ಲ.

ಊಟವಾದ ಮೇಲೆ ಒಳಕೋಣೆಗೆ ಕರೆದುಕೊಂಡು ಹೋದರು. ಮುಕ್ಕಾಲಿಯ ಮೇಲೆ ಕ್ಯಾಮೆರಾ ನಿಂತಿತ್ತು, ಮರಕ್ಕೆ ಎಣ್ಣೆ ಹಚ್ಚಿ ತಿಕ್ಕಿದ್ದರು, ಹಿತ್ತಾಳೆ ಹೊಳೆಯುತ್ತಿತ್ತು. "ಹೊರಗಡೆ ಮಾತ್ರ ಒರೆಸಿದೀನಿ. ಒಳಗಡೆಗೆ ನಿನ್ನ ಕೈ ಬಿಟ್ಟು ಬೇರೆ ಕೈ ಹೋಗಿಲ್ಲ" ಎಂದರು ಭಾವ. "ತಗೊಂಡು ಹೋಗು. ನಂಗಂತೂ ಇನ್ನು ಬೇಡ. ಇದರ ಬೆಲೆ ಗೊತ್ತಿರೋನ ಹತ್ರ ಇರಲಿ." ಅಕ್ಕ ಬಾಗಿಲ ಹತ್ತಿರ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು, ಅವಳ ಕಣ್ಣು ತುಂಬಿತ್ತು. ಅವಳಿಗೆ ಖುಷಿಯೂ ಆಗಿತ್ತು. ಗಂಡನ ಪ್ರಾಣದಂಥ ವಸ್ತು ತಮ್ಮನ ಕೈಗೇ ಹೋಗುತ್ತಿದೆಯೆಂದು. ಅವನಿಗೆ ಕೈ ಚಾಚಲಾಗಲಿಲ್ಲ. ಈ ಕೊಡುಗೆಯನ್ನು ಹೊತ್ತು ಮೆಟ್ಟಿಲು ಇಳಿಯುವುದನ್ನು, ಅಂಗಡಿಯಲ್ಲಿ ಇದು ದಿನವೂ ತನ್ನೆದುರು ನಿಂತಿರುವುದನ್ನು ನೆನೆದ. ನಾಲಿಗೆ ತಾನಾಗಿ ಹೊರಳಿತು.

"ಭಾವ, ಆವತ್ತಿನ ಫೋಟೋ ಕೆಟ್ಟದ್ದು ನಿಮ್ಮ ಕಣ್ಣಿಂದಲ್ಲ. ನಾನು ಬೂಷ್ಟು ತೆಗೆದಾಗ ಒಂದು ಗಾಜು ಹಿಂದುಮುಂದಾಗಿ ಕೂಡಿಸಿಬಿಟ್ಟಿದ್ದೆ. ಅದಕ್ಕೇ ಅಂಚು ಹಾಗೆ ಬಂದಿದ್ದು."

ಎರಡು ವರ್ಷ ಹೇಳದೆ ಇಟ್ಟುಕೊಂಡಿದ್ದದ್ದು ಎರಡು ಉಸಿರಿಗೆ ಮುಗಿದುಹೋಯಿತು. ಭಾವ ಅವನ ಭುಜದ ಮೇಲೆ ಕೈಯಿಟ್ಟರು. "ನೋಡಿದ್ಯಾ ನಿನ್ನ ತಮ್ಮನ್ನ" ಎಂದರು ಅಕ್ಕನ ಕಡೆ ತಿರುಗಿ. "ನಂಗೆ ಬೇಜಾರಾಗುತ್ತೆ ಅಂತ ತಪ್ಪನ್ನ ತನ್ನ ಮೇಲೆ ಹಾಕ್ಕೊಳ್ತಿದಾನೆ. ಕೆಲಸದೋನು ತನ್ನ ಕೈ ಕೆಟ್ಟದ್ದು ಅಂತ ಬಾಯಿಬಿಟ್ಟು ಹೇಳೋದು ಸಣ್ಣ ಮಾತಾ?" ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಲ್ಲ ಭಾವ, ನಿಜ ಹೇಳ್ತಿದೀನಿ ಎಂದ. "ಆಯ್ತಪ್ಪ, ನಿಜ" ಎಂದು ಮಗುವಿಗೆ ಹೇಳುವ ಹಾಗೆ ಭಾವ ಹೇಳಿದರು. ತಪ್ಪೊಪ್ಪಿಕೊಳ್ಳಲು ಹೋಗಿ ಅವನು ದೊಡ್ಡ ಮನುಷ್ಯನಾಗಿಬಿಟ್ಟಿದ್ದ. ಇಲ್ಲಿಗೇ ಬಿಟ್ಟರೂ ಆಗುತ್ತಿತ್ತು. ಹೇಳಿದ್ದೇನೆ, ನಂಬದಿರುವುದು ಅವರಿಷ್ಟ ಎಂದು ಒಳಗಿನಿಂದ ಯಾರೋ ಮೆತ್ತಗೆ ಅಂದದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಲೆನ್ಸಲ್ಲಿ ದೋಷ ಇಲ್ಲ ಎಂದು ಆವತ್ತು ಹೇಳಿದ ದನಿಯೇ ಅದು.

ಜೇಬಿನಿಂದ ಕೀಲಿ ತೆಗೆದ. ಕಿಟಕಿಯ ಹತ್ತಿರ ಸಣ್ಣ ಮೇಜು ಎಳೆದು, ಮೇಲೆ ಕರವಸ್ತ್ರ ಹಾಸಿ, ಲೆನ್ಸನ್ನು ಕ್ಯಾಮೆರಾದಿಂದ ಕಳಚಿ, ಮುಂದಿನ ಉಂಗುರ ಬಿಚ್ಚಿದ. ಏನ್ ಮಾಡ್ತಿದೀಯೋ ಎಂದಳು ಅಕ್ಕ. ಎರಡನೆಯ ಗಾಜಿನ ಅಂಚಿಗೆ ಬಾಣ ಹಾಕಲು ಅವನ ಕೈ ತಾನಾಗಿ ಪೆನ್ಸಿಲು ಹುಡುಕಿತು. ಬೇಕೆಂದೇ ತಪ್ಪು ಮಾಡಲು ಹೊರಟವನಿಗೂ ಬಾಣ ಬೇಕಾಯಿತು. ಜೇಬಿನಲ್ಲಿ ಸಿಕ್ಕ ಪೆನ್ಸಿಲಿನ ತುಂಡಿನಿಂದ ಬಾಣ ಹಾಕಿ ಗಾಜನ್ನು ತಿರುವಿದ, ಬಾಣದ ಮೂತಿ ಒಳಕ್ಕಾಗುವಂತೆ ಕೂಡಿಸಿದ, ಬಿಗಿದ. ಆವತ್ತು ಒಂದೇ ಸಲ ನೋಡಿ ಸರಾಗವಾಗಿ ಮಾಡಿದ ಕೆಲಸಕ್ಕೆ ಇವತ್ತು ಎರಡು ಪಟ್ಟು ಹೊತ್ತಾಯಿತು. ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿ, "ಒಂದೇ ಒಂದ್ಸಲ ನೋಡಿ ಭಾವ" ಎಂದ.

ಭಾವ ಬೇಡ ಎಂದರು. ನಂಗೇನು ಕಾಣುತ್ತೆ ಎಂದರು. ಅವನು ಕರಿ ಬಟ್ಟೆಯನ್ನು ಎತ್ತಿ ಹಿಡಿದುಕೊಂಡು ನಿಂತೇ ಇದ್ದ. ಕೊನೆಗೆ ಅವನಿಗೋಸ್ಕರ ಎಂಬಂತೆ ತಲೆ ಬಗ್ಗಿಸಿ ಒಳಗೆ ಹೋದರು. ಬಟ್ಟೆಯೊಳಗೆ, ಹಿಂದಿನ ಮಸುಕು ಗಾಜಿನ ಮೇಲೆ, ಕೋಣೆ ತಲೆಕೆಳಗಾಗಿ ಬಿದ್ದಿರುತ್ತದೆ ಎಂದು ಅವನಿಗೆ ಗೊತ್ತು. ಲೆನ್ಸನ್ನು ಹಿಂದೆಮುಂದೆ ಸರಿಸಿ ಚಿತ್ರ ಸ್ಪಷ್ಟ ಮಾಡುವ ಹಲ್ಲಿನ ಚಕ್ರ ಮೊದಲು ಅನುಮಾನಿಸುತ್ತ, ಆಮೇಲೆ ಹಳೆಯ ರೂಢಿಯಲ್ಲಿ ತಿರುಗತೊಡಗಿತು. ಒಳಗಿನಿಂದ ದನಿ ಬಂತು. "ನಡುವಲ್ಲಿ ನಿಲ್ಲು." ಅಕ್ಕ ನಿಂತಳು. "ಈಗ ಆ ಮೂಲೆಗೆ ಹೋಗು. ಕಪಾಟಿನ ಹತ್ರ." ಹೋದಳು. ಚಕ್ರ ಮುಂದಕ್ಕೂ ಹಿಂದಕ್ಕೂ ತಿರುಗಿತು, ಎಷ್ಟೋ ಹೊತ್ತು. ನಿಂತಿತು.

"ಇದೇ" ಎಂದರು ಭಾವ.

ಅದು ತೀರಾ ಸಣ್ಣ ದನಿಯಾಗಿತ್ತು. "ಇದೇ ಅದು. ಮುಖ ಎಳ್ಕೊಂಡು ಹೋಗುತ್ತಲ್ಲ, ಬಾಲದ ಹಾಗೆ. ಇದನ್ನ ನಾನು ದಿನಾ ಕಣ್ಮುಚ್ಚಿದ್ರೆ ನೋಡ್ತೀನಿ." "ಗಾಜು ತಿರುಗಿಸು" ಎಂದರು. ಅವನು ಮತ್ತೆ ಬಿಚ್ಚಿದ, ಬಾಣದ ಮೂತಿ ಹೊರಕ್ಕೆ ಮಾಡಿದ, ಬಿಗಿದು ಹಾಕಿದ. ಅಷ್ಟೂ ಹೊತ್ತು ಅವರು ಬಟ್ಟೆಯಿಂದ ತಲೆ ಹೊರಗೆ ತೆಗೆಯಲಿಲ್ಲ. ಚಕ್ರ ತಿರುಗಿತು. "ನಿನ್ನ ಸ್ವೆಟರಿನ ಮೇಲಿನ ಗುಂಡಿ ಬೇರೆ ಬಣ್ಣದ್ದು" ಎಂದರು.

"ಹೌದು ರೀ. ಹೋದ ವರ್ಷ ಉದುರಿಹೋಯ್ತು. ಸಿಕ್ಕಿದ್ದು ಹೊಲ್ಕೊಂಡೆ" ಎಂದಳು ಅಕ್ಕ ಕಪಾಟಿನ ಹತ್ತಿರದಿಂದ. ಅವಳು ಅಳುತ್ತ ನಗುತ್ತಿದ್ದಳು. "ಕಾಣುತ್ತಾ ನಿಮಗೆ?"

"ಕಪಾಟಿನ ಮೇಲಿನ ಔಷಧಿ ಚೀಟಿ ಓದ್ತೀನಿ, ಬೇಕಾದ್ರೆ. ತಲೆಕೆಳಗಾಗೇ ಓದ್ತೀನಿ." ಭಾವನ ದನಿಯಲ್ಲಿ ಎರಡು ವರ್ಷದ ಹಿಂದಿನ ಹುಡುಗಾಟ ಇಣುಕಿತು. ಅವನಿಗೆ ಹಗುರಾಯಿತು. ಮುಗಿಯಿತು ಎಂದುಕೊಂಡ. ಬಯ್ಯಲಿ, ಎರಡು ಏಟು ಹಾಕಲಿ, ಮುಗಿಯಿತು. ಕರವಸ್ತ್ರ ಮಡಿಸತೊಡಗಿದ.

"ಒಂದು ಕೇಳ್ಲಾ?" ಭಾವ ಇನ್ನೂ ಬಟ್ಟೆಯೊಳಗೇ ಇದ್ದರು. "ನೀನೀಗ ಬಿಚ್ಚಿದಾಗ ಗಾಜು ಸರಿಯಾಗೇ ಇತ್ತು, ಅಲ್ವಾ. ನೀನು ತಿರುವಿದ ಮೇಲೆ ಕೆಟ್ಟಿದ್ದು. ನಾನಂತೂ ಒಳಗೆ ಕೈ ಹಾಕಿಲ್ಲ. ಹಾಗಾದ್ರೆ ಸರಿ ಮಾಡಿದ್ದು ಯಾವಾಗ?"

ಕರವಸ್ತ್ರ ನಾಲ್ಕು ಮಡಿಕೆಯಾಗಿತ್ತು, ಅದನ್ನು ಎಂಟು ಮಾಡಿದ. ಅಕ್ಕ ಇನ್ನೂ ನಗುಮುಖದಲ್ಲೇ ಅವನ ಕಡೆ ತಿರುಗಿದಳು, ಉತ್ತರಕ್ಕೆ ಕಾಯುವವಳಂತೆ. ತಪ್ಪನ್ನು ಹೇಳಿದ್ದ, ಮುಚ್ಚಿದ್ದನ್ನು ಹೇಳಿರಲಿಲ್ಲ. ಹೇಳದೆ ಬಿಟ್ಟದ್ದು ಬೇಕೆಂದೇ ಎಂದು ಅವನಿಗೆ ಈಗ ತಿಳಿಯಿತು. ನಡುವನ್ನು ಸ್ಪಷ್ಟ ಮಾಡಿ ಅಂಚನ್ನು ಹಾಗೇ ಬಿಟ್ಟಿದ್ದ.

"ಆವತ್ತೇ" ಎಂದ. "ನೀವು ಕೂತಿದ್ದಾಗಲೇ."

ಬಟ್ಟೆ ಅಲುಗಲಿಲ್ಲ. ಅಕ್ಕನ ಮುಖದಲ್ಲಿ ನಗು ಇದ್ದ ಜಾಗ ಹಾಗೇ ಉಳಿದು, ನಗು ಮಾತ್ರ ಹೋಗಿತ್ತು. "ಅವರು ಇಲ್ಲಿಗೆ ಬಂದು ಈ ಮಂಚದ ಮೇಲೆ ಮೂರು ದಿನ ಗೋಡೆ ಕಡೆ ತಿರುಗಿ ಮಲಗಿದ್ರು ಕಣೋ" ಎಂದಳು. "ನೀನು ನೋಡೋಕೆ ಬಂದಿದ್ದೆ. ಹಣ್ಣು ತಂದಿದ್ದೆ." ಅವನು ಹೌದೆಂದು ತಲೆಯಾಡಿಸಿದ. ಹಣ್ಣು ತಂದದ್ದು ಅವನಿಗೂ ನೆನಪಿತ್ತು.

"ನೀನೂ ಹೋಗಿ ಅವಳ ಪಕ್ಕ ನಿಲ್ಲು" ಎಂದರು ಭಾವ ಒಳಗಿನಿಂದ.

ಹೋಗಿ ನಿಂತ. ಅಕ್ಕ ಒಂದು ಹೆಜ್ಜೆ ಆಚೆಗೆ ಸರಿದಳು, ಜಾಗ ಮಾಡಿಕೊಡುವಂತೆ. ಅಲ್ಲಿ ಜಾಗ ಬೇಕಾದಷ್ಟಿತ್ತು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಎರಡನ್ನೂ ಪಕ್ಕಕ್ಕೆ ಇಳಿಬಿಟ್ಟ. ಚಕ್ರ ಒಂದು ಹಲ್ಲು ತಿರುಗಿತು, ಇನ್ನೊಂದು ಹಲ್ಲು ತಿರುಗಿತು. "ಅಲುಗಾಡ್ಬೇಡ" ಎಂದರು ಭಾವ. ಕ್ಯಾಮೆರಾದೊಳಗೆ ಫಿಲ್ಮು ಇರಲಿಲ್ಲ, ಮೂವರಿಗೂ ಅದು ಗೊತ್ತಿತ್ತು. ಅವನು ಉಸಿರು ಬಿಗಿಹಿಡಿದು ನಿಂತ.